ಪಾರ್ಷಿಯಲ್ ಪದಕ್ಕೆ ಎರಡು ಮುಖ

"ಅಮ್ಮಾ, ನಮ್ಮ ಮಿಸ್ ತುಂಬಾ ಪಾರ್ಷಿಯಲ್!" ಶಾಲೆಯಿಂದ ಬಂದ ಮಗು ಚೀಲ ಇಳಿಸುವ ಮೊದಲೇ ಹೀಗೆ ದೂರುವುದು ಹೊಸತೇನಲ್ಲ. 'ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ' ಎಂದು ಅಜ್ಜಿ ಹೇಳುತ್ತಿದ್ದುದನ್ನು ಮೊಮ್ಮಕ್ಕಳು ಒಂದೇ ಪದದಲ್ಲಿ ಮುಗಿಸುತ್ತಾರೆ.

ಅದೇ ಮಗು ವಿಜ್ಞಾನದ ಪುಸ್ತಕ ತೆರೆದರೆ ಅಲ್ಲಿ 'ಪಾರ್ಷಿಯಲ್ ಎಕ್ಲಿಪ್ಸ್' ಎಂದಿರುತ್ತದೆ. ಗ್ರಹಣಕ್ಕೆಲ್ಲಿಯ ಪಕ್ಷಪಾತ? ಈ ಪದದ ಬೇರು ಲ್ಯಾಟಿನ್ನಿನ 'ಪಾರ್ಸ್', ಅಂದರೆ ಭಾಗ. ಆದ್ದರಿಂದ 'ಪೂರ್ತಿಯಲ್ಲದ್ದು' ಎಂಬುದು ಇದರ ಇನ್ನೊಂದು ಅರ್ಥ. 2019ರ ಡಿಸೆಂಬರ್ 26ರಂದು ದಕ್ಷಿಣ ಕೊಡಗಿನಲ್ಲಿ ಸೂರ್ಯ ಬೆಂಕಿಯ ಬಳೆಯಾದರೆ, ಬೆಂಗಳೂರಿಗೆ ಸಿಕ್ಕಿದ್ದು ಪಾರ್ಶ್ವ ಗ್ರಹಣ, ಅಂದರೆ ಈ ಪಾರ್ಷಿಯಲ್ ಎಕ್ಲಿಪ್ಸ್.

ಎರಡು ಅರ್ಥಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಗ್ರಹಣ, ಹಣಪಾವತಿ, ಯಶಸ್ಸು ಇಂಥವುಗಳ ಹಿಂದೆ ಬಂದರೆ 'ಭಾಗಶಃ'. ಪರೀಕ್ಷಕರ, ನ್ಯಾಯಾಧೀಶರ ಬಗ್ಗೆ ಹೇಳಿದರೆ ಆರೋಪ. ಜೊತೆಗೆ 'ಟು' ಸೇರಿದರೆ ಬರಿಯ ಒಲವೂ ಆಗಬಹುದು: 'ಷಿ ಈಸ್ ಪಾರ್ಷಿಯಲ್ ಟು ಮ್ಯಾಂಗೋಸ್' ಎಂದರೆ ಅವಳಿಗೆ ಮಾವಿನಹಣ್ಣೆಂದರೆ ಪ್ರಾಣ, ಅಷ್ಟೇ.

ವಿದ್ಯಾರ್ಥಿಗಳು ಎಡವುವುದು ಇದರ ಬಳಗದ ಪದಗಳಲ್ಲಿ. 'ಇಂಪಾರ್ಷಿಯಲ್' ಎಂದರೆ ನಿಷ್ಪಕ್ಷಪಾತಿ, 'ಪೂರ್ಣ' ಎಂದಲ್ಲ. ಪೂರ್ಣ ಗ್ರಹಣ 'ಟೋಟಲ್ ಎಕ್ಲಿಪ್ಸ್'. 'ಪಾರ್ಷಿಯಲಿ' ಸಾಮಾನ್ಯವಾಗಿ 'ಭಾಗಶಃ' ಎಂದೇ. 'ಟೀಚರ್ ಬಿಹೇವ್ಡ್ ಪಾರ್ಷಿಯಲಿ' ಎಂದು ಬರೆದರೆ, ಅರ್ಧ ಮಾತ್ರ ನಡೆದುಕೊಂಡರೇ ಎಂದು ಓದಿದವರು ನಕ್ಕಾರು!

ನಮ್ಮ 'ಪಕ್ಷಪಾತ'ವನ್ನೂ ಬಿಡಿಸಿ ನೋಡಿ. ಪಕ್ಷ ಎಂದರೆ ಬದಿ, ಪಾತ ಎಂದರೆ ಬೀಳುವುದು. ಇಂಗ್ಲಿಷ್ ಪದದಲ್ಲಿ ಭಾಗ, ಕನ್ನಡ ಪದದಲ್ಲಿ ಬದಿ. ಎರಡನ್ನೂ ಕೂಡಿಸಿದರೆ ಒಂದು ನಿಜ ಹೊಳೆಯುತ್ತದೆ: ಭಾಗವನ್ನಷ್ಟೇ ಕಂಡವರು ಒಂದು ಬದಿಗೆ ವಾಲುವುದು ಬಹಳ ಸುಲಭ.

ಮಗುವಿನ ದೂರಿಗೂ ಈ ಮಾತು ಸಲ್ಲುತ್ತದೆ. ಮಿಸ್ ಪಕ್ಕದ ಬೆಂಚಿನ ಹುಡುಗಿಗೆ ಮತ್ತೆ ಮತ್ತೆ ಲೆಕ್ಕ ಹೇಳಿಕೊಟ್ಟದ್ದು, ಅವಳು ಎರಡು ವಾರ ಜ್ವರದಿಂದ ಮಲಗಿದ್ದಳೆಂದು ಇರಬಹುದು. ಹಾಗೆಂದು ದೂರನ್ನು ತಳ್ಳಿಹಾಕುವುದೂ ಸರಿಯಲ್ಲ. ಏನಾಯಿತೆಂದು ಪೂರ್ತಿ ಕೇಳಬೇಕು. ಮನೆಯಲ್ಲೇ ಅಕ್ಕನ ಅಂಕಪಟ್ಟಿಗೆ ಚೌಕಟ್ಟು, ತಮ್ಮನ ಚಿತ್ರಗಳಿಗೆ ರದ್ದಿ ಎಂದಾದರೆ, 'ಪಾರ್ಷಿಯಲ್' ಅರ್ಥ ತಿಳಿಯಲು ಆ ಹುಡುಗನಿಗೆ ನಿಘಂಟು ಬೇಕಾಗುವುದಿಲ್ಲ.