ಕೊಟ್ಟೂರಿನ ಮಾಳಿಗೆಯೂ ಗುಡೇಕೋಟೆಯ ಕತ್ತಲೆಯೂ

ಕೃತ್ತಿಕೆಯನ್ನೂ ಮೃಗಶಿರೆಯನ್ನೂ ನಾನು ಬಾಲ್ಯದಲ್ಲಿ ಗುರುತಿಸಲು ಕಲಿತುದು ಕೊಟ್ಟೂರಿನ ನಮ್ಮ ಮಾಳಿಗೆಯ ಮೇಲೆ, ಅಜ್ಜಿಯ ಬೆರಳ ತುದಿಯನ್ನು ಅನುಸರಿಸಿ. ಇಂದು ಅದೇ ಮಾಳಿಗೆಯಿಂದ ಮೊಮ್ಮಗಳಿಗೆ ಆಕಾಶಗಂಗೆಯನ್ನು ತೋರಿಸಲಾರೆನು. ಬೀದಿದೀಪಗಳ ಬೆಳಕು ಧೂಳಿನಲ್ಲಿ ಚದರಿ ಗಗನವನ್ನು ಬಿಳುಪಾಗಿಸಿದೆ.

ಮಗನು ಖಗೋಳ ಛಾಯಾಗ್ರಹಣದ ಹೊಸ ಕ್ಯಾಮೆರಾವೊಂದನ್ನು ತಂದುಕೊಟ್ಟನು. ಪುಷ್ಯಮಾಸದ ಅಮಾವಾಸ್ಯೆಯಂದು ಅದನ್ನು ದೂರದರ್ಶಕಕ್ಕೆ ಜೋಡಿಸಿ, ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಯ ಕಡೆಗೆ ತಿರುಗಿಸಿದೆವು. ಮೊದಲ ಚಿತ್ರದಲ್ಲಿ ಬೂದುಬಣ್ಣದ ನಡುವೆ ಮಸುಕು ಕಲೆಯೊಂದು ಮಾತ್ರ ಕಂಡಿತು. ಜಲಜನಕವು ಸೂಸುವ 656 ನ್ಯಾನೊಮೀಟರಿನ ಕೆಂಬೆಳಕನ್ನಷ್ಟೇ ಒಳಬಿಡುವ ಗಾಜನ್ನಿಟ್ಟು, 100 ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದುಗೂಡಿಸಿದೆವು. ಹೀಗೆ ಸರಾಸರಿ ತೆಗೆದರೆ ಆಕಸ್ಮಿಕ ಮಚ್ಚೆಗಳು ಹತ್ತನೆಯ ಒಂದು ಪಾಲಿಗೆ ಇಳಿಯುವುವು. ಸುಮಾರು 1,340 ಜ್ಯೋತಿರ್ವರ್ಷಗಳಾಚೆಯ ಆ ಮೇಘವು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಮೂಡಿತು.

"ಅಜ್ಜಾ, ಇದು ಪೆಟ್ಟಿಗ್ಯಾಗೈತಿ, ಮ್ಯಾಲೆ ಎಲ್ಲೈತಿ?" ಎಂದಿತು ಮಗು. ನಾನು ನಿರುತ್ತರನಾದೆನು.

ಮರುದಿನ ಕೂಡ್ಲಿಗಿಯನ್ನು ದಾಟಿ ಗುಡೇಕೋಟೆಗೆ ಹೋದೆವು. ಕರಡಿಧಾಮದ ಸೀಮೆಯಾದುದರಿಂದ ಅಡವಿಯ ಕಡೆಗೆ ಸುಳಿಯದೆ, ಪರಿಚಿತರೊಬ್ಬರ ಮಾಳಿಗೆಯನ್ನೇರಿ, ದೀಪವಾರಿಸಿ, ಅರ್ಧಗಂಟೆ ಕಣ್ಣುಗಳನ್ನು ಕತ್ತಲೆಗೆ ಪಳಗಿಸಿದೆವು. ಆಗ ಮಗುವೇ ಬೆರಳು ಚಾಚಿ ಖಡ್ಗದ ನಡುವಿನ ಮಂಜುಚುಕ್ಕೆಯನ್ನು ನನಗೆ ತೋರಿಸಿತು.

ಬೀದಿದೀಪವನ್ನು ಆರಿಸಿರೆಂದು ನಾನು ಹೇಳಲಾರೆನು. ಇರುಳಲ್ಲಿ ಮನೆಗೆ ಮರಳುವ ಹೆಣ್ಣುಮಕ್ಕಳಿಗೆ ಅದು ಬೇಕು. ಆದರೆ ಮೇಲಕ್ಕೆ ಹೋಗುವ ಬೆಳಕು ಯಾರ ದಾರಿಗೂ ಒದಗದು. ನಮ್ಮ ಅಂಗಳದ ದೀಪಕ್ಕೆ ತಗಡಿನ ಮುಸುಕನ್ನು ಹಾಕಿಸಿದ್ದೇನೆ. ವಾಚಕರೂ ತಮ್ಮ ಮನೆಯ ದೀಪವನ್ನು ಒಮ್ಮೆ ಪರೀಕ್ಷಿಸಬೇಕೆಂದು ಪ್ರಾರ್ಥನೆ.