ಸರದಿಗೆ ಕೊಡುವ ಬೆಲೆ

ನಾಪಾ ಕಣಿವೆಯ ಸಣ್ಣ ವೈನರಿಯೊಂದರಿಂದ ಈ ವರ್ಷದ ಹಂಚಿಕೆಯ ಪತ್ರ ಬಂದಿದೆ. ನನ್ನ ಪಾಲಿಗೆ ಮೂರು ಬಾಟಲಿ ಕ್ಯಾಬರ್ನೆ. ಅದು ಬೇಕಿದ್ದರೆ ಅವರ ಬಿಳಿ ವೈನನ್ನೂ ಕೊಳ್ಳಬೇಕು, ಈ ಸಲ ಬಿಟ್ಟರೆ ಮುಂದಿನ ವರ್ಷ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿಯ ಜೊತೆ ಸೋಪನ್ನೂ ತಗುಲಿಹಾಕುತ್ತಾರಲ್ಲ, ಅದೇ ಕ್ರಮ. ಬೆಲೆಯನ್ನಾದರೂ ಸಹಿಸಿಯೇನು, ಈ ಬೆದರಿಕೆಯನ್ನು ಸಹಿಸಲಾರೆ.

ಬೆಲೆಯದೂ ಲೆಕ್ಕ ಹಾಕಿ ನೋಡಿ. ಒಂದು ಟನ್ ದ್ರಾಕ್ಷಿಗೆ ಸುಮಾರು 700 ಬಾಟಲಿ ವೈನ್ ಸಿಗುತ್ತದೆ. ಟನ್ನಿಗೆ 10,000 ಡಾಲರ್ ಕೊಟ್ಟರೂ ಬಾಟಲಿಗೆ ಬೀಳುವುದು 14 ಡಾಲರಿನ ಹಣ್ಣು. 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಗೆ 1,200 ಡಾಲರ್ ಎಂದರೆ, 300 ಬಾಟಲಿಗೆ ಹಂಚಿದಾಗ ತಲಾ ನಾಲ್ಕು. ಗಾಜು, ಕಾರ್ಕ್, ಕೂಲಿ, ಬಡ್ಡಿ, ತಯಾರಕರ ಸಂಬಳ, ಲಾಭ ಎಲ್ಲ ಸೇರಿಸಿ ನೂರು ಡಾಲರಿನವರೆಗೆ ನಾನು ತಕರಾರಿಲ್ಲದೆ ಬರುತ್ತೇನೆ. ಅದರಾಚೆಗೆ ಕೊಡುವುದು ಬಹುಮಟ್ಟಿಗೆ ಸರದಿಗೆ. ನಾಪಾದ ಸ್ಕ್ರೀಮಿಂಗ್ ಈಗಲ್ ವೈನರಿಯನ್ನೇ ನೋಡಿ: ಅದರ ಮೊದಲ ವೈನ್ 1992ರ ಬೆಳೆಯದು, ಸುಮಾರು ಇನ್ನೂರು ಪೆಟ್ಟಿಗೆ ಮಾತ್ರ. ವಿಮರ್ಶಕ ರಾಬರ್ಟ್ ಪಾರ್ಕರ್ ನೂರಕ್ಕೆ 99 ಅಂಕ ಕೊಟ್ಟರು. 2000ದಲ್ಲಿ ನಾಪಾದ ದತ್ತಿ ಹರಾಜಿನಲ್ಲಿ ಅದರದೇ ಆರು ಲೀಟರಿನ ಬಾಟಲಿ ಐದು ಲಕ್ಷ ಡಾಲರಿಗೆ ಹೋಯಿತು. ನಂತರ ಬಂದವರೆಲ್ಲ ಅದೇ ದಾರಿ ಹಿಡಿದರು: ಕಡಿಮೆ ಮಾಡು, ಕಾಯಿಸು.

ವೈನ್ ಅಷ್ಟಕ್ಕೆ ಬಾಳುತ್ತದೆಯೇ ಎಂದು ತಿಳಿಯಲು ನನ್ನದೊಂದು ಉಪಾಯವಿದೆ. ಬಾಟಲಿಯ ಕಾರ್ಕ್ ಕಿತ್ತ ತಕ್ಷಣ, ಲೋಟಕ್ಕೆ ಬಗ್ಗಿಸುವ ಮೊದಲೇ, ಅರ್ಧವನ್ನು 375 ಮಿ.ಲೀ. ಬಾಟಲಿಗೆ ಕತ್ತಿನವರೆಗೆ ತುಂಬಿ, ಗಾಳಿಗೆ ಜಾಗವಿಲ್ಲದಂತೆ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಸುರಿಯುವಾಗ ತಾಗುವ ಗಾಳಿಯಷ್ಟೇ ಅದಕ್ಕೆ ಸಾಕು. ಮೂರನೆಯ ದಿನ ಹೊರಗಿಟ್ಟು, ತಣಿವು ಇಳಿದ ಮೇಲೆ ಕುಡಿಯುತ್ತೇನೆ. ಮೊದಲ ಲೋಟದಲ್ಲಿ ಕಪ್ಪು ಹಣ್ಣು, ಚಾಕೊಲೇಟ್ ಎಂದು ಮರುಳು ಮಾಡಿದ ಎಷ್ಟೋ ದುಬಾರಿ ವೈನುಗಳಲ್ಲಿ ಆಗ ಉಳಿದಿರುವುದು ಆಲ್ಕೋಹಾಲಿನ ಉರಿ ಮತ್ತು ಮರದ ವಾಸನೆ.

ನಮ್ಮ ವೈನ್ ಕೂಟದ ಗೆಳೆಯರಿಗೆ ಇದನ್ನು ಎಷ್ಟು ಸಲ ಹೇಳಿದರೂ ಹಿಡಿಸದು. ಒಂದೇ ಸಂಜೆ ಹತ್ತು ಬಾಟಲಿ ತೆರೆದು, ಒಂದೊಂದರಿಂದ ಎರಡೆರಡು ಗುಟುಕು ಕುಡಿದು ತೀರ್ಪು ಕೊಡುತ್ತಾರೆ. ಹತ್ತು ವೈನುಗಳ ನಡುವೆ ಗೆಲ್ಲುವುದು ದೊಡ್ಡ ದನಿಯದೇ. ಊಟದ ಪಕ್ಕ ನಿಲ್ಲುವ ಹುಳಿ, ಮೆಲ್ಲನೆ ಬಿಚ್ಚಿಕೊಳ್ಳುವ ಒಗರು, ಇವು ಅಲ್ಲಿ ಸೋಲುತ್ತವೆ. ಸೀಲನ್ನೇ ಒಡೆಯದೆ ಮಾರುವವರಂತೂ ಇನ್ನೂ ಕೆಟ್ಟವರು. ಮರುಮಾರಾಟದ ಲಾಭಕ್ಕೆಂದೇ ಸರದಿಯಲ್ಲಿ ನಿಂತು, ಕುಡಿಯುವವನ ಪಾಲನ್ನು ಕಿತ್ತುಕೊಂಡು, ಬೆಲೆಯನ್ನೂ ಏರಿಸುತ್ತಾರೆ. ಇವರು ತಮ್ಮನ್ನು ವೈನ್ ಪ್ರೇಮಿಗಳೆಂದು ಕರೆದುಕೊಳ್ಳುವುದು ನನಗೆ ಸಿಟ್ಟು ತರಿಸುತ್ತದೆ.

ನೂರರ ಗೆರೆಯನ್ನು ನಾನು ದಾಟುವುದು ರಿಡ್ಜ್ ವೈನರಿಯ ಮಾಂಟೆ ಬೆಲ್ಲೋಗೆ. ಕನ್ನಡದವರು ಬೇಕಾದಷ್ಟು ಜನ ನೆಲೆಸಿರುವ ಕುಪರ್ಟಿನೊದ ಮೇಲಿನ ಬೆಟ್ಟದ ತೋಟ ಅದು. ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವೈನುಗಳನ್ನು ಪೈಪೋಟಿಗಿಟ್ಟ 1976ರ ಪ್ಯಾರಿಸ್ ರುಚಿ ಪರೀಕ್ಷೆಯಲ್ಲಿ ಅದರ 1971ರ ವೈನ್ ಐದನೆಯದಾಗಿತ್ತು. ಅವೇ ವೈನುಗಳನ್ನು 2006ರಲ್ಲಿ ಮತ್ತೆ ರುಚಿ ನೋಡಿದಾಗ ಮೊದಲನೆಯದಾಯಿತು. ಅಲ್ಲಿ ಕೊಟ್ಟ ದುಡ್ಡು ಬಾಟಲಿಯೊಳಗೇ ಇದೆ.

ಆದರೆ ಈಚೆಗೆ ನನ್ನ ಮನಸ್ಸೆಲ್ಲ ಕ್ಯಾಲಿಫೋರ್ನಿಯಾದ ಆಂಟಿಯಾಕ್ ಊರಿನ ಇವಾಂಜೆಲ್ಯೊ ತೋಟದಲ್ಲಿದೆ. ಪಕ್ಕದಲ್ಲಿ ವಿದ್ಯುತ್ ಸ್ಥಾವರ, ನೋಡಲು ಚಂದವಿಲ್ಲ. ದ್ರಾಕ್ಷಿ ಬುಡಗಳು ಮಾತ್ರ 1890ರ ದಶಕದವು: ಜಿನ್‌ಫಂಡೆಲ್, ಕ್ಯಾರಿನ್ಯಾನ್, ಮತಾರೊ ತಳಿಗಳು. ಫಿಲಾಕ್ಸರ ಎಂಬ ಬೇರುಹೇನು ಆ ಆಳವಾದ ಮರಳಿನಲ್ಲಿ ಬದುಕದು. ಹಾಗಾಗಿ ಕಸಿಯಿಲ್ಲದೆ ಸ್ವಂತ ಬೇರಿನ ಮೇಲೇ ನಿಂತಿವೆ. ಇಳುವರಿ ಕಡಿಮೆ, ವೈನ್ ವಿರಳ, ಬೆಲೆ ಐವತ್ತು ಡಾಲರಿನ ಆಸುಪಾಸು. ನಾಪಾದವರು ಹೇಳಿಕೊಳ್ಳುವ ವಿರಳತೆ ನಿಜವಾಗಿ ಇರುವುದು ಇಲ್ಲಿ. ಆ ಬುಡಗಳನ್ನು ಇಂದು ಕಿತ್ತರೆ ಅಂಥವು ಮತ್ತೆ ಸಿಗಲು ನೂರು ವರ್ಷ ಬೇಕು. ಸಮೀಪದ ಓಕ್ಲಿಯಲ್ಲಿ ಇಂಥ ಹಳೆಯ ತೋಟಗಳು ಮನೆ, ಅಂಗಡಿಗಳಿಗೆ ಜಾಗ ಬಿಟ್ಟುಕೊಡುತ್ತಿವೆ, ಹಣ್ಣಿನ ಬೆಲೆ ಬೆಳೆಗಾರನಿಗೆ ಗಿಟ್ಟುವುದಿಲ್ಲ. ಈ ಮರಳಿನ ವೈನಿಗೆ ಇನ್ನೂ ಇಪ್ಪತ್ತು ಡಾಲರ್ ಕೇಳಲಿ, ಕೊಡುತ್ತೇನೆ. ನಾಪಾದ ಪತ್ರಕ್ಕೆ ಈ ವರ್ಷ ಉತ್ತರ ಬರೆಯುವುದಿಲ್ಲ.