ಅಣಶಿಯ ಕುಣಬಿಗಳು ಮತ್ತು ಅವರ ಗೆಡ್ಡೆಗಳು

ಅಣಶಿಗೆ ಹೋಗಿಬಂದ ಬಂಧುಗಳನ್ನು ಏನು ಕಂಡಿರೆಂದು ಕೇಳಿದರೆ ಕಾಡು, ಘಟ್ಟದ ತಿರುವುಗಳು, ಮಂಜು, ಅದೃಷ್ಟವಿದ್ದವರಿಗೆ ಕರಿಚಿರತೆ ಎನ್ನುತ್ತಾರೆ. ಆ ಕಾಡಿನ ನಡುವೆ ನಾಲ್ಕಾರು ಮನೆಗಳ ಊರು ಕಟ್ಟಿಕೊಂಡು ಬಾಳಿದ ಕುಣಬಿಗಳ ಮಾತನ್ನು ಯಾರೂ ಎತ್ತುವುದಿಲ್ಲ. ಜೋಯಿಡಾ ತಾಲೂಕಿನಲ್ಲಿ ಬಹುಕಾಲ ಪಾಠ ಹೇಳಿದ ನನಗೆ ಇದು ಸರಿಯೆನಿಸದೆ ಇಷ್ಟನ್ನು ಬರೆಯುತ್ತಿದ್ದೇನೆ.

ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. 1560ರಲ್ಲಿ ಅಲ್ಲಿ ಅವರ ಧರ್ಮನ್ಯಾಯಾಲಯ ಆರಂಭವಾಯಿತು. ಆ ಆಳ್ವಿಕೆಗೆ ಅಂಜಿ ತಮ್ಮ ಪೂರ್ವಜರು ಘಟ್ಟ ಹತ್ತಿದರೆಂದು ಕುಣಬಿ ಹಿರಿಯರು ಹೇಳುತ್ತ ಬಂದಿದ್ದಾರೆ. ಅವರ ಮನೆಮಾತು ಇಂದಿಗೂ ಕೊಂಕಣಿಯೇ. ಪೊದೆ ಕಡಿದು ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುವ ಕುಮ್ರಿ ಬೇಸಾಯವನ್ನು ಬ್ರಿಟಿಷರ ಅರಣ್ಯ ಕಾನೂನುಗಳು ನಿರ್ಬಂಧಿಸಿದವು. ಮುಂದೆ ಸೂಪಾ ಅಣೆಕಟ್ಟಿನ ನೀರು ಬಂದಿತು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು. ಹುಲಿಗೆ ಕಾಡು ಬೇಕು, ಒಪ್ಪತಕ್ಕ ಮಾತೇ. ಆದರೆ ಹುಲಿ ಉಳಿಯುವಂತಹ ಕಾಡು ಇಷ್ಟು ಜನ ಬಾಳಿದ ಮೇಲೂ ಅಲ್ಲಿ ಉಳಿದಿತ್ತಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವರ ದೊಡ್ಡ ಆಸ್ತಿಯೆಂದರೆ ಗೆಡ್ಡೆ. ಯುರೋಪಿಯನ್ನರ ಆಗಮನದ ಪಾಠ ಮಾಡುವಾಗ, ಸಿಹಿಗೆಣಸು, ಮೆಣಸಿನಕಾಯಿ, ಗೋಡಂಬಿ ಇವೆಲ್ಲ ಅಮೆರಿಕ ಖಂಡದ ಬೆಳೆಗಳು, ಪೋರ್ಚುಗೀಸರ ಹಡಗು ಹತ್ತಿ ನಮ್ಮಲ್ಲಿಗೆ ಬಂದವು ಎಂದು ಪ್ರತಿವರ್ಷ ಹೇಳುತ್ತಿದ್ದೆ. ಒಮ್ಮೆ ಅಣಶಿಯ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಕೋನವೂ ಅಲ್ಲಿಂದಲೇ ಬಂತಾ ಸರ್?" ಎಂದ. ತರಗತಿ ನಕ್ಕಿತು, ಕೋನ ತಿನ್ನುವುದು ಬಡತನದ ಗುರುತೆಂಬ ಭಾವನೆ ಆಗಿನದು. ಕೋನ ಏಷ್ಯಾದ್ದೇ, ಹಡಗಿಗಿಂತ ಎಷ್ಟೋ ಹಳೆಯದು ಎಂದೆ. ಮುಂದಿನ ಸೋಮವಾರ ಅವನು ಚೀಲದಲ್ಲಿ ಕೋನ, ಮುಡ್ಲಿ, ಕಣಗಗಳನ್ನು ಹೊತ್ತು ತಂದು ಮೇಜಿನ ಮೇಲಿಟ್ಟ. ಆ ದಿನ ಪಾಠ ಹೇಳಿದವನು ಅವನೇ. ಮಳೆಗಾಲಕ್ಕೆ ಮುಂಚೆ ನಡಬೇಕು, ಚಳಿಗಾಲದಲ್ಲಿ ಅಗೆಯಬೇಕು. ಕೋನದ ತಲೆಯ ಭಾಗವನ್ನು ತಿನ್ನಕೂಡದು, ಅದು ಬರುವ ವರ್ಷದ ಬೀಜ; ಕೊಯ್ದ ಮೈಗೆ ಬೂದಿ ಸವರಿಡಬೇಕು. ಮುಡ್ಲಿ ಬಾಯಿ ತುರಿಸದಿರಲು ಹುಳಿ ಹಾಕಿ ಬೇಯಿಸಬೇಕು. ಇದನ್ನೆಲ್ಲ ಕಲಿಸಿದವರಾರೆಂದು ಕೇಳಿದರೆ "ಅವ್ವ" ಎಂದ. ಬಿ.ಎಡ್. ತರಬೇತಿಯಲ್ಲಿ ಪ್ರಾತ್ಯಕ್ಷಿಕೆ ಎಂದು ನಾವು ಕಲಿತದ್ದರ ಉತ್ತಮ ಮಾದರಿಯದು!

ಈಗ ಕೆಲವು ವರ್ಷಗಳಿಂದ ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುತ್ತಿದೆ. ಸೊಂಟದೆತ್ತರಕ್ಕೆ ಪೇರಿಸಿದ ಮುಡ್ಲಿಯ ಹಿಂದೆ ಕುಣಬಿ ಹೆಂಗಸರು ಕುಳಿತಿರುತ್ತಾರೆ, ಪೇಟೆಯವರು ಚೌಕಾಸಿ ಮಾಡದೆ ಕೊಳ್ಳುತ್ತಾರೆ. ನಾನು ಹೋದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು ಗುರುತು ಹಿಡಿದು, ಹಣ ಬೇಡವೆಂದು ಹಟ ಹಿಡಿದಳು. ಕೊಟ್ಟೇ ಬಂದೆ.

ಮೇಳದ ಸಂಭ್ರಮದಲ್ಲಿ ಮರೆಯಬಾರದ ಇನ್ನೊಂದು ಸಂಗತಿಯಿದೆ. 2003ರಲ್ಲಿ ಜಾರಿಗೆ ಬಂದ ಒಂದೇ ತಿದ್ದುಪಡಿ ಕಾನೂನು ಉತ್ತರ ಕನ್ನಡದ ಸಿದ್ದಿಗಳನ್ನೂ ಗೋವೆಯ ಕುಣಬಿ, ಗಾವಡ, ವೇಳಿಪರನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಸಿದ್ದಿಗಳ ಪೂರ್ವಜರು ಆಫ್ರಿಕದವರು. ಅನೇಕರನ್ನು ಗೋವೆಗೆ ಗುಲಾಮರನ್ನಾಗಿ ತಂದವರೂ ಪೋರ್ಚುಗೀಸರೇ. ಅವರಿಗೆ ನ್ಯಾಯ ದೊರಕಿದ್ದು ಸಂತೋಷ. ಜೋಯಿಡಾದ ಕುಣಬಿಗಳು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಗಡಿಯಾಚೆ ಮದುವೆಯಾಗಿ ಹೋದ ಅಕ್ಕನ ಮಕ್ಕಳಿಗೆ ಪಂಗಡದ ಪ್ರಮಾಣಪತ್ರ, ಈಚೆ ಉಳಿದ ತಂಗಿಯ ಮಕ್ಕಳಿಗೆ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವಾಗ ಹುಡುಗಿಯೊಬ್ಬಳು, "ಗೋವಾದ ಚಿಕ್ಕಮ್ಮನ ಮಗಳಿಗೆ ಸಿಕ್ಕಿದೆ ಸರ್, ನಮಗೇಕಿಲ್ಲ?" ಎಂದು ಕೇಳಿದ್ದಳು. ಘಟ್ಟದ ಮೇಲೆ ರಾಜ್ಯದ ಗೆರೆ ಎಲ್ಲಿ ಹಾಯುತ್ತದೆಂದು ನಕಾಶೆಯಲ್ಲಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಅರ್ಜಿಯ ಉಳಿದ ಕಾಲಂಗಳನ್ನು ತುಂಬತೊಡಗಿದಳು.